ಮೇಲಿನ ತೂಕಕ್ಕೆ ಹೋದ ಅತ್ತಿಗೆ

ಅತ್ತಿಗೆ ನಡೆಯುವುದನ್ನು ಹಿಂದಿನಿಂದ ಕಂಡವರಿಗೆ, ಈ ಹೆಂಗಸು ನೆಲಕ್ಕೆ ಭಾರವಾಗಲು ಸಂಕೋಚಪಡುತ್ತಿದ್ದಾರೇನೋ ಎನ್ನಿಸುತ್ತಿತ್ತು. ಹಿಮ್ಮಡಿ ಊರದ, ಸದ್ದಿಲ್ಲದ ನಡಿಗೆ. ಆದರೆ ಅವೇ ಪಾದಗಳು ಜೂಡೋ ಚಾಪೆಯ ಮೇಲೆ ನಿಂತರೆ ಎದುರಾಳಿಯ ಕಾಲನ್ನು ಕ್ಷಣಾರ್ಧದಲ್ಲಿ ತಪ್ಪಿಸಿ ಅಂಗಾತ ಕೆಡವುತ್ತಿದ್ದವು. ಜೊತೆಯ ಆಟಗಾರ್ತಿಯರು ಇಟ್ಟ ಹೆಸರು ‘ಗರಿ’. ಅಣ್ಣನ ಕೈಹಿಡಿದು ನಮ್ಮ ಮನೆಗೆ ಬರುವಾಗಲೇ ಅವರು ತಮ್ಮ ತೂಕದ ವರ್ಗದಲ್ಲಿ ಸೋಲರಿಯದವರು. ಆ ವರ್ಗದಲ್ಲಿ ಗೆಲ್ಲುವುದಕ್ಕಿಂತ ಉಳಿಯುವುದೇ ದೊಡ್ಡ ಕಾಳಗವೆಂದು ನಮಗಾರಿಗೂ ಗೊತ್ತಿರಲಿಲ್ಲ.

ಪಂದ್ಯ ಸಮೀಪಿಸಿತೆಂದರೆ ಮೊದಲು ತಟ್ಟೆಯ ಅನ್ನ ಕರಗುತ್ತಿತ್ತು, ಆಮೇಲೆ ಲೋಟದ ನೀರು. ಬೆವರು ಸುರಿಸಲೆಂದು ಬಿರುಬಿಸಿಲಿನಲ್ಲಿ ರೇನ್‌ಕೋಟು ತೊಟ್ಟು ತಾರಸಿಯ ಮೇಲೆ ಓಡುತ್ತಿದ್ದ ಅವರನ್ನು ಕಂಡು, ಪಕ್ಕದ ಮನೆಯಾಕೆ ಮಳೆ ಬಂತೆಂದು ಒಣಹಾಕಿದ ಬಟ್ಟೆಗಳನ್ನು ಒಳಗೊಯ್ದದ್ದೂ ಉಂಟು.

“ನಮ್ಮನೆ ಅನ್ನ ಇವಳ ಗಂಟಲಲ್ಲಿ ಇಳಿಯಲ್ವಾ?” ಎಂದು ಅಮ್ಮ ನೊಂದುಕೊಳ್ಳುತ್ತಿದ್ದಳು. “ಕೆಳಗಿನ ತೂಕದಲ್ಲಿ ನೀನು ರಾಣಿ, ಮೇಲೆ ಹೋದ್ರೆ ಹತ್ತರಲ್ಲಿ ಹನ್ನೊಂದನೆಯವಳು” ಎಂಬುದು ತರಬೇತುದಾರರ ಉಪದೇಶ. ಅಣ್ಣನದು ಅತ್ತ ದರಿ ಇತ್ತ ಪುಲಿ. ಅತ್ತಿಗೆ ಮಾತ್ರ ಎಲ್ಲವನ್ನೂ ಕೇಳಿಸಿಕೊಂಡು, ಕಿವಿಯ ತುದಿಯನ್ನು ಜಗ್ಗಿಕೊಳ್ಳುತ್ತ, “ಎಲ್ಲರೂ ಹೇಳೋದು ಸರಿ ಅನ್ಸುತ್ತೆ ಕಣೇ, ಅದೇ ಕಷ್ಟ” ಎಂದು ನನ್ನೊಡನೆ ಹೇಳುತ್ತಿದ್ದರು.

ನಾನು ಜೊತೆಗೆ ಹೋದ ಪಂದ್ಯದ ಬೆಳಿಗ್ಗೆ, ತೂಕದ ಯಂತ್ರದ ಮುಳ್ಳು ಕೂದಲೆಳೆಯಷ್ಟು ಮುಂದಿತ್ತೆಂದು ಅವರು ಮೂಲೆಯಲ್ಲಿ ಕೂತು ಒಣಗಿದ ಬಾಯಿಂದ ಉಗುಳನ್ನು ಲೋಟಕ್ಕೆ ಉಗುಳಿ ಉಗುಳಿ ಕೊನೆಗೂ ತೂಕಕ್ಕೆ ಇಳಿದರು. ಆಮೇಲೆ ಚಾಪೆಯೇರಿ, ತಲೆಬಾಗಿ ವಂದಿಸಿ, ಎದುರಾಳಿ ಇನ್ನೂ ಕೈ ಚಾಚುವ ಮೊದಲೇ ಮೆಲ್ಲಗೆ ಕೂತುಬಿಟ್ಟರು. ಎದುರಾಳಿ ತೀರ್ಪುಗಾರರ ಮುಖ ನೋಡಿದಳು. ತೀರ್ಪುಗಾರರು ನಮ್ಮ ಮುಖ ನೋಡಿದರು. ಎತ್ತಿಕೊಂಡು ಹೋಗುವಾಗ ಅತ್ತಿಗೆ, “ಅವಳು ನನ್ನ ಮುಟ್ಟೇ ಇಲ್ಲ. ನಾನ್ಯಾಕೆ ಕೂತೆ?” ಎಂದು ಕೇಳುತ್ತಲೇ ಇದ್ದರು.

ಉತ್ತರ ಕೊಟ್ಟವರು ಕ್ರೀಡಾಂಗಣದ ಆಹಾರತಜ್ಞೆ. “ನೀವು ಇಳಿಸಿದ್ದು ಕೊಬ್ಬಲ್ಲ, ನೀರು. ಅದರ ಜೊತೆ ಬಲವೂ ಹೋಯ್ತು. ಇಳಿಸ್ಲೇಬೇಕಾದ್ರೆ ಊಟ ಬಿಡದೆ, ತಿಂಗಳುಗಟ್ಟಲೆ, ನಿಧಾನವಾಗಿ ಇಳಿಸ್ಬೇಕು. ಆದ್ರೆ ನಿಮ್ಮ ಮೈಯಲ್ಲಿ ಇಳಿಸೋಕೆ ಏನೂ ಉಳಿದಿಲ್ಲ. ಮೇಲಿನ ವರ್ಗಕ್ಕೆ ಹೋಗಿ.”

“ಹಾಗಾದ್ರೆ ಇಷ್ಟು ವರ್ಷ ಗೆದ್ದದ್ದು ಯಾರು?” ಎಂದರು ಅತ್ತಿಗೆ.

ಅಂತೂ ಉಣ್ಣತೊಡಗಿದರು. ಅಭ್ಯಾಸ ಮುಗಿಯುತ್ತಲೇ ಮೊಟ್ಟೆ, ಬಾಳೆಹಣ್ಣು. ಮಧ್ಯಾಹ್ನ ಬೇಳೆ, ತರಕಾರಿ, ಹೊಟ್ಟೆತುಂಬ ಅನ್ನ. ತಿಂದದ್ದೇ ಎದ್ದುಹೋಗಿ ಕನ್ನಡಿಯ ಮುಂದೆ ಅಪರಾಧಿಯಂತೆ ನಿಲ್ಲುತ್ತಿದ್ದರು. ಹಳೆಯ ರವಿಕೆಗಳು ತೋಳಿನಲ್ಲಿ ಬಿಗಿದವು. ಇಷ್ಟು ದಿನ ಉಣ್ಣಲಿಲ್ಲವೆಂದು ಗೊಣಗಿದ ಅಮ್ಮನೇ, “ಸ್ವಲ್ಪ ಜಾಸ್ತಿ ಆಯ್ತೇನೋ” ಎಂದಳು. ತರಬೇತುದಾರರು ಮಾತು ಬಿಟ್ಟರು. ಆ ದಿನಗಳಲ್ಲಿ ಅತ್ತಿಗೆ ಸಂತೋಷವಾಗಿದ್ದರೋ ಸಂಕಟದಲ್ಲಿದ್ದರೋ ನನಗೆ ತಿಳಿಯಲಿಲ್ಲ. ಅವರಿಗೂ ತಿಳಿದಿರಲಿಲ್ಲವೆಂದೇ ನನ್ನ ಊಹೆ.

ಮೇಲಿನ ವರ್ಗದ ಮೊದಲ ಸೆಣಸಿನಲ್ಲಿ ಅವರು ಕೊನೆಯ ಗಳಿಗೆಯವರೆಗೂ ಕಾಲೂರಿ ಹೋರಾಡಿ ಸೋತರು. ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಬೆವರೊರೆಸಿಕೊಳ್ಳುತ್ತ, “ಬೇಜಾರಾಗಬೇಕಿತ್ತು, ಆಗ್ತಿಲ್ಲ. ಇದು ಸರೀನಾ?” ಎಂದರು. ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟು ಗಾಬರಿಯಿಂದ, “ಇಲ್ಲೇನೋ ಆಗ್ತಿದೆ ಕಣೇ. ನೋವಲ್ಲ.”

“ಹಸಿವು ಅತ್ತಿಗೆ. ಅದಕ್ಕೆ ಹಸಿವು ಅಂತಾರೆ.”

ಅವರು ನಕ್ಕರು, ನಗುತ್ತಲೇ ಕಣ್ಣು ತುಂಬಿಕೊಂಡರು. ಯಾಕೆಂದು ಕೇಳಿದರೆ, “ಗೊತ್ತಿಲ್ಲ” ಎಂದರು.

ದೇಹವನ್ನು ದಂಡಿಸಿ ಆಳಿದವರನ್ನು ಲೋಕ ಸಂಯಮಿಗಳೆಂದು ಕೊಂಡಾಡುತ್ತದೆ. ಆದರೆ ಮೈ ಕರೆದಾಗಲೆಲ್ಲ ಅದನ್ನು ಗದರಿಸಿ ಸುಮ್ಮನಿರಿಸಿದ ಇಂಥವರಿಗೆ, ಅದು ಮತ್ತೆ ಬಾಯಿಬಿಟ್ಟಾಗ ಸ್ವಂತ ಮಗುವಿನ ದನಿಯಂಥ ಆ ಕರೆಯೂ ಗುರುತು ಹತ್ತುವುದಿಲ್ಲ. ಅವರ ತಬ್ಬಿಬ್ಬನ್ನು ನಾವು ದೌರ್ಬಲ್ಯವೆನ್ನಬಾರದು. ಗೆಲ್ಲುವುದನ್ನು ಚೆನ್ನಾಗಿ ಕಲಿತವರು ಬದುಕುವುದನ್ನು ಅ ಆ ಇ ಈಯಿಂದ ಕಲಿಯುವಾಗ ತೊದಲದೆ ಇರಲು ಸಾಧ್ಯವೇ?