ತಣ್ಣಗಿದ್ದ ಪೆಟ್ಟಿಗೆ

ಮೂರನೆಯ ಸಲ ತಿರುಗಿಸಿ ಒತ್ತಿದಾಗ ತಂತಿಯ ತುದಿ ಒಳಗೆ ಕೂತಿತು. ಪರದೆ ಒಮ್ಮೆ ಮಿಟುಕಿ ಬೆಳಗಿತು. ಇಷ್ಟು ಸುಲಭವಾಗಿ ಬೆಳಗಬಾರದಿತ್ತು ಎಂದು ಅವನಿಗೆ ಅನ್ನಿಸಿತು.

ಮೇಜಿನ ಮೇಲೆ ಹಳೆಯ ಲ್ಯಾಪ್‌ಟಾಪ್, ಅದರ ಪಕ್ಕದಲ್ಲಿ ಬೂಟಿನ ಡಬ್ಬಿಯಷ್ಟು ದೊಡ್ಡ ಕಪ್ಪು ಪೆಟ್ಟಿಗೆ, ಹಿಂದೆ ಎರಡು ಮೊಳ ಅಗಲದ ಹೊಸ ಮಾನಿಟರ್. ಪೆಟ್ಟಿಗೆಯೊಳಗೆ ಗ್ರಾಫಿಕ್ಸ್ ಕಾರ್ಡ್ ಇತ್ತು. ಲ್ಯಾಪ್‌ಟಾಪಿಗೆ ಹೊರಲಾಗದ ಚಿತ್ರಗಳ ಭಾರವನ್ನೆಲ್ಲ ಅದು ಹೊರುತ್ತದಂತೆ. ಮಾನಿಟರ್ ಇಡಲು ಬೇರೆ ಜಾಗವಿಲ್ಲದೆ ಕಿಟಕಿಗೆ ಅಡ್ಡವಾಗಿ ಇಟ್ಟಿದ್ದರು. ಕೋಣೆಗೆ ಇದ್ದದ್ದು ಅದೊಂದೇ ಕಿಟಕಿ.

ಎಲ್ಲವನ್ನೂ ತರಿಸಿದವಳು ಹೆಂಡತಿ. ಮೇಜೂ ಅವಳದೇ. ನಿನ್ನೆ ತನ್ನ ಹೊಲಿಗೆ ಯಂತ್ರವನ್ನು ಮಲಗುವ ಕೋಣೆಯ ಬೀರುವಿನ ಸಂದಿಗೆ ತಳ್ಳಿ, "ನಂಗೇನು, ಎಲ್ಲಾದ್ರೂ ಕೂತು ಹೊಲೀತೀನಿ. ನಿಮ್ಮದು ಹಾಗಲ್ಲ" ಎಂದಿದ್ದಳು.

ಅವನು ಕಟ್ಟಡಗಳ ನಕ್ಷೆ ತಯಾರಿಸುವ ಕಚೇರಿಯಲ್ಲಿದ್ದ. ಬೇರೆಯವರು ಕಲ್ಪಿಸಿದ ಕಟ್ಟಡಗಳಿಗೆ ಮೆಟ್ಟಿಲು ಮತ್ತು ಶೌಚಾಲಯ ಬರೆಯುವುದು ಹದಿನಾರು ವರ್ಷಗಳಿಂದ ಅವನ ಪಾಲಿನ ಕೆಲಸ. ಕೂದಲೆಳೆಯಷ್ಟೂ ತಪ್ಪಿಲ್ಲದೆ ಬರೆಯುತ್ತಿದ್ದ. ಕಚೇರಿಯಲ್ಲಿ ಅವನನ್ನು 'ಮೆಟ್ಟಿಲು ಸಾರ್' ಎನ್ನುತ್ತಿದ್ದರು. ಇನ್ನೊಂದು ಹೆಸರೂ ಇತ್ತು, ಅದನ್ನು ಎದುರಿಗೆ ಹೇಳುತ್ತಿರಲಿಲ್ಲ.

ಅವನದೇ ಎನ್ನುವಂಥದ್ದೂ ಒಂದಿತ್ತು: ಒಂದು ಗ್ರಂಥಾಲಯ. ಎಂಟು ವರ್ಷಗಳಿಂದ ಅದನ್ನು ಹೆಂಡತಿಗೆ ಕೈಯಾಡಿಸಿ ವರ್ಣಿಸುತ್ತಿದ್ದ. ನಡುವೆ ಓದುವ ದೊಡ್ಡ ಹಜಾರ, ಮೇಲಿನಿಂದ ಸೋಸಿ ಬೀಳುವ ಬೆಳಕು, ಯಾರ ನೆರಳೂ ಯಾರ ಪುಟದ ಮೇಲೂ ಬೀಳದ ಹಾಗೆ ಮೇಜುಗಳು. ನಕ್ಷೆಯ ಸ್ಪರ್ಧೆಗಳು ಬಂದಾಗಲೆಲ್ಲ ಲ್ಯಾಪ್‌ಟಾಪಿನ ಕಡೆ ಬೆರಳು ಮಾಡುತ್ತಿದ್ದ. "ಇದು ತಡೆಯಲ್ಲ ಕಣೆ. ಪರದೆ ಮೇಲೆ ಕಟ್ಟಡಾನ ಒಂದು ಸಲ ತಿರುಗಿಸಿದ್ರೆ ಸಾಕು, ಏದುಸಿರು ಬಿಡುತ್ತೆ."

ಕುಣಿಯಲಾರದವಳು ನೆಲ ಡೊಂಕು ಅಂದಳೆಂಬ ಗಾದೆಯನ್ನು ಈ ಮನೆಯಲ್ಲಿ ಯಾರೂ ಆಡಿರಲಿಲ್ಲ. ಆಡಿದ್ದರೆ ಒಂದು ಜಗಳವಾದರೂ ಆಗಿ ಮುಗಿಯುತ್ತಿತ್ತು. ಅವಳು ನೆಲವನ್ನೇ ಸರಿಮಾಡಿಸಿಕೊಟ್ಟಿದ್ದಳು.

ಈ ಸಲದ ಸ್ಪರ್ಧೆಗೆ ಇನ್ನು ಹನ್ನೆರಡು ದಿನ ಉಳಿದಿತ್ತು.

ಗ್ರಂಥಾಲಯದ ಫೈಲ್ ತೆರೆದ. ಮುಂಭಾಗದ ಗೋಡೆ ಬಂತು. ತಿರುಗಿಸಿದ. ಕಟ್ಟಡ ಕಾಲುಭಾಗ ತಿರುಗಿ ನಿಂತುಬಿಟ್ಟಿತು. ಉಳಿದ ಗೋಡೆಗಳು ಮನಸ್ಸಿಲ್ಲದ ಆಳುಗಳಂತೆ ಒಂದೊಂದಾಗಿ ಬಂದವು. ಅದೇ ಹಳೆಯ ಏದುಸಿರು.

ಅವನ ಹೆಗಲು ಸಡಿಲವಾಯಿತು. ಬೆಳಿಗ್ಗೆಯಿಂದ ಅದನ್ನು ಬಿಗಿಹಿಡಿದು ಕೂತಿದ್ದೆನೆಂದು ಆಗಲೇ ಅವನಿಗೆ ತಿಳಿದದ್ದು.

"ಆಯ್ತೇನ್ರೀ?" ಅಡುಗೆಮನೆಯಿಂದ ಹೆಂಡತಿ ಕೂಗಿದಳು.

"ಏನೋ ತೊಂದ್ರೆ ಇದೆ." ದನಿಯಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ಬೇಸರ ತುಂಬಿಕೊಂಡಿತು.

ಅವಳಿಗೆ ಕೇಳಿಸಲೆಂದೇ ಅಂಗಡಿಗೆ ಫೋನ್ ಮಾಡಿದ. ರಿಪೇರಿಯವನು ಏನನ್ನೋ ಅಗಿಯುತ್ತಿದ್ದ.

"ಪೆಟ್ಟಿಗೆ ದೀಪ ಹತ್ತಿದೆಯಾ ಸಾರ್?"

"ಹತ್ತಿದೆ."

"ಮಾನಿಟರ್ ವೈರು ಎಲ್ಲಿಗೆ ಹಾಕಿದೀರಿ? ತುಂಬ ಜನ ಲ್ಯಾಪ್‌ಟಾಪಿಗೇ ಸಿಕ್ಕಿಸ್ಬಿಡ್ತಾರೆ. ಹಾಗೆ ಮಾಡಿದ್ರೆ ಪೆಟ್ಟಿಗೆ ಸುಮ್ನೆ ಕೂತಿರುತ್ತೆ, ಮದುವೆಮನೆಗೆ ಬಂದ ದೂರದ ನೆಂಟನ ಥರ. ಪೆಟ್ಟಿಗೆ ಹಿಂದಕ್ಕೇ ಹಾಕ್ಬೇಕು."

ಅವನು ನೋಡಿದ. ತಂತಿ ಲ್ಯಾಪ್‌ಟಾಪಿನ ಹೊಟ್ಟೆಗೆ ಸೇರಿತ್ತು.

"ಪೆಟ್ಟಿಗೆಗೇ ಹಾಕಿದೀನಿ" ಎಂದ.

"ಹಾಗಾದ್ರೆ ಮಾಲೇ ಕೆಟ್ಟಿರ್ಬೇಕು. ನಾಳೆ ತಂದ್ಬಿಡಿ."

ಫೋನ್ ಇಟ್ಟು ತಿರುಗಿದರೆ ಬಾಗಿಲಲ್ಲಿ ಮಾವ ನಿಂತಿದ್ದರು. ಮೂವತ್ತು ವರ್ಷ ವಿದ್ಯುತ್ ಕಂಬ ಹತ್ತಿ ಇಳಿದವರು. ನಿವೃತ್ತಿಯಾದ ಮೇಲೆ ಮಗಳು ಅಳಿಯನ ಜೊತೆಗೇ ಇದ್ದರು.

"ಏನಂತೆ ಅಳಿಯಂದ್ರೇ?"

"ಪೆಟ್ಟಿಗೆ ಕೆಟ್ಟಿದೆ ಮಾವ. ವಾಪಸ್ ಕೊಡ್ಬೇಕು."

"ಹೊಸದು ಅಂದ್ಳು ಇವಳು."

"ಹೊಸದೂ ಕೆಡುತ್ತೆ."

"ಅದೂ ನಿಜವೇ. ಮದುವೆಯಾದ ಮಾರನೇ ದಿನವೇ ಕೆಟ್ಟ ಗಂಡಂದಿರನ್ನ ನೋಡಿಲ್ವಾ ನಾವು!"

ನಕ್ಕು, ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು, ಜ್ವರ ನೋಡುವ ಹಾಗೆ.

"ತಣ್ಣಗಿದೆ. ಹೊರೆ ಬಿದ್ದ ಪೆಟ್ಟಿಗೆ ಬೆಚ್ಚಗಿರುತ್ತೆ, ಗುಂಯ್ ಅನ್ನುತ್ತೆ. ಇದು ಕೆಟ್ಟಿಲ್ಲ. ಇದಕ್ಕೆ ಯಾರೂ ಕೆಲಸ ಹೇಳಿಲ್ಲ, ಅಷ್ಟೇ."

ಮಾನಿಟರಿನ ಬೆನ್ನಿಂದ ತಂತಿಯ ಮೇಲೆ ಬೆರಳು ಜಾರಿಸುತ್ತ ಬಂದರು. ಬೆರಳು ಲ್ಯಾಪ್‌ಟಾಪಿನ ಹತ್ತಿರ ನಿಂತಿತು. ದನಿ ತಗ್ಗಿತು.

"ಫೋನಲ್ಲಿ ಬೇರೆ ಹೇಳಿದ ಹಾಗಿತ್ತು."

"ಗಮನಿಸ್ಲಿಲ್ಲ."

"ಇರ್ಲಿ. ನಂಗೂ ವಯಸ್ಸಾಯ್ತು, ಆಡದ ಮಾತೂ ಕೇಳಿಸುತ್ತೆ." ಮಾವ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. "ಹೀಗೇ ಬಿಡ್ಲಾ, ಬದಲಾಯಿಸ್ಲಾ? ನೀವು ಹೇಳಿದ ಹಾಗೆ."

ಇಷ್ಟು ನೇರವಾದ ಪ್ರಶ್ನೆಯನ್ನು ಅವನಿಗೆ ಯಾರೂ ಯಾವತ್ತೂ ಕೇಳಿರಲಿಲ್ಲ. ಬಿಡಿ ಎಂದರೆ ಈ ಮುದುಕ ಸಾಯುವ ತನಕ ಬಾಯಿ ಬಿಡುವುದಿಲ್ಲವೆಂದು ಗೊತ್ತಾಯಿತು. ಬಾಯಿ ತೆರೆದ.

ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಕನ್ನಡಕ ಹಾಕಿಕೊಂಡೇ ಬಂದಿದ್ದಳು, ನೋಡುವುದಕ್ಕೆ. "ಸಿಕ್ತೇನಪ್ಪಾ?"

"ಬದಲಾಯಿಸಿ ಮಾವ" ಎಂದ.

ತಂತಿ ಕಿತ್ತಾಗ ಪರದೆ ಕಪ್ಪಾಯಿತು. ಅದರಲ್ಲಿ ಮೂವರೂ ಕಂಡರು. ಒಬ್ಬನ ಬಾಯಿ ಇನ್ನೂ ತೆರೆದೇ ಇತ್ತು. ಮತ್ತೆ ಬೆಳಕು ಬಂತು. ಪೆಟ್ಟಿಗೆಯೊಳಗೆ ಫ್ಯಾನ್ ನಿಧಾನವಾಗಿ ಉಸಿರೆಳೆದುಕೊಂಡು ಗುಂಯ್‌ಗುಟ್ಟಿತು.

ಅವನು ತಿರುಗಿಸಿದ. ಕಟ್ಟಡ ಬುಗುರಿಯಂತೆ ತಿರುಗಿತು.

"ಅಬ್ಬಾ!" ಹೆಂಡತಿ ಮಗುವಿನ ಹಾಗೆ ನಕ್ಕಳು. "ಪೂರ್ತಿ ತೋರಿಸ್ರೀ. ಒಳಗೆಲ್ಲ."

ಹಳೆಯ ಯಂತ್ರಕ್ಕೆ ತಡೆಯದೆಂದು ಅವನು ಯಾವಾಗಲೂ ಒಂದೊಂದು ಭಾಗವನ್ನೇ ತೆರೆಯುತ್ತಿದ್ದ. ಇಡೀ ಕಟ್ಟಡವನ್ನು ಒಟ್ಟಿಗೆ ನೋಡಿರಲೇ ಇಲ್ಲ. ಈಗ ಒಂದು ಗುಂಡಿ ಒತ್ತಿದ್ದಕ್ಕೆ ಎಲ್ಲವೂ ಒಮ್ಮೆಲೇ ಬಂದು ನಿಂತಿತು. ಹನ್ನೊಂದು ಮೆಟ್ಟಿಲುಸಾಲುಗಳು, ಪ್ರತಿ ಮೆಟ್ಟಿಲೂ ಒಂದೇ ಎತ್ತರ. ನಾಲ್ಕು ಶೌಚಾಲಯಗಳು, ನಲ್ಲಿಯ ತಿರುಪಿನ ಸಮೇತ. ಮೆಟ್ಟಿಲುಗಳು ಹತ್ತಿ ಹೋಗಿ ಸೇರಬೇಕಾದ ನಡುಭಾಗದಲ್ಲಿ ಬರಿ ಬೂದುಬಣ್ಣ.

"ಓದೋ ಜಾಗ ಎಲ್ಲಿ?"

"ಬರುತ್ತೆ."

"ಬರದೇ ಇರುತ್ತಾ? ಇನ್ನೇನು ಅಡ್ಡಿ, ಎಲ್ಲ ಸರಿಹೋಯ್ತಲ್ಲ." ಮಾತಿನಲ್ಲಿ ಎಳ್ಳಷ್ಟೂ ಕುಹಕವಿರಲಿಲ್ಲ. "ಬಾಪ್ಪಾ, ಅವರು ಕೆಲ್ಸ ಮಾಡ್ಲಿ."

ಮಾವ ಹೋಗುವಾಗ ಅಳಿಯನ ಹೆಗಲನ್ನು ಒಮ್ಮೆ ಮುಟ್ಟಿ ಹೋದರು. ಹೆಂಡತಿ ಹೊರಗಿನ ಸದ್ದು ತಾಗದಿರಲೆಂದು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು.

ಕಿಟಕಿ ಮಾನಿಟರಿನ ಹಿಂದಿತ್ತು. ಹೊತ್ತು ಎಷ್ಟಾಗಿದೆಯೆಂದು ತಿಳಿಯುವಂತಿರಲಿಲ್ಲ. ಪೆಟ್ಟಿಗೆಯ ಬಿಸಿ ಮುಂಗೈಗೆ ತಾಗತೊಡಗಿತು.

ಏಳನೆಯ ಮೆಟ್ಟಿಲುಸಾಲಿನ ತಿರುವಿನಲ್ಲಿ ಒಂದು ಮನುಷ್ಯಾಕೃತಿ ನಿಂತಿತ್ತು. ಎತ್ತರದ ಅಂದಾಜಿಗೆಂದು ಎಂಟು ವರ್ಷದ ಹಿಂದೆ ಅವನೇ ಇಟ್ಟದ್ದು, ತೆಗೆಯಲು ಮರೆತದ್ದು. ಕೈ ಇಳಿಬಿಟ್ಟುಕೊಂಡು ಗೋಡೆಗೆ ಮುಖ ಮಾಡಿ ನಿಂತಿತ್ತು. ಅದರ ಮುಖ ನೋಡೋಣವೆಂದು ಕಟ್ಟಡವನ್ನು ಎಡಕ್ಕೆ ತಿರುಗಿಸಿದ. ಬಲಕ್ಕೆ ತಿರುಗಿಸಿದ. ಎಲ್ಲಿಯೂ ತಡವರಿಸದೆ, ಬೆಣ್ಣೆಯಲ್ಲಿ ಕೂದಲೆಳೆದಂತೆ ಕಟ್ಟಡ ತಿರುಗಿತು. ಜೊತೆಗೆ ಆ ಮನುಷ್ಯನೂ ತಿರುಗಿದ, ಗೋಡೆಯೂ ತಿರುಗಿತು.