ಕುದುರೆಯವರ ಗೇಟು

ನನಗೆ ಕುದುರೆಗಳೆಂದರೆ ಅಷ್ಟಕ್ಕಷ್ಟೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ರೈತ ಟಜ್‌ನ ಹೊಲದ ಅಂಚಿನ ನಮ್ಮ ದಾರಿ ಇಂಗ್ಲೆಂಡಿನ ಕಾನೂನಿನ ಪ್ರಕಾರ ನಡೆಯುವವರದ್ದೂ ಹೌದು, ಸವಾರರದ್ದೂ ಹೌದು. ಆದರೆ ಆ ಕಾನೂನು ಬರೆದ ಮಹಾನುಭಾವ ನವೆಂಬರಿನಲ್ಲಿ ಅಲ್ಲಿ ನಡೆದವನಲ್ಲ. ನಾಲ್ಕು ಕುದುರೆ ಹಾದರೆ ಸಾಕು, ದಾರಿಯೆಲ್ಲ ಗೊಜ್ಜು. ನಾವು ಬೂಟು ಹೂತುಕೊಂಡು ಬೇಲಿಗೆ ಒರಗಿ ನಿಂತಿರುತ್ತೇವೆ. ಅವರು ಮೇಲಿನಿಂದ "ಗುಡ್ ಮಾರ್ನಿಂಗ್" ಎನ್ನುತ್ತಾರೆ. ನಾವೂ ಗುಡ್ ಮಾರ್ನಿಂಗ್ ಎನ್ನಲೇಬೇಕು. ಎನ್ನದಿದ್ದರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ.

ಗಂಡ ಕ್ಲೆಮ್ ತೀರಿಕೊಂಡ ಮೇಲೆ ನಾನು ಬೆಳಿಗ್ಗೆ ನಡೆಯಲು ಶುರು ಮಾಡಿದೆ. ಆರೋಗ್ಯಕ್ಕಲ್ಲ. ಶಾಲೆಯ ಅಡುಗೆಮನೆಯಲ್ಲಿ ಜೀವನ ಕಳೆದವಳು ನಾನು. ತಟ್ಟೆ, ಚಮಚ, ಮಕ್ಕಳ ಕಿರುಚಾಟ ಇದರಲ್ಲೇ ಕಿವಿ ಪಳಗಿತ್ತು. ಕೆಲಸ ಬಿಟ್ಟೆ, ಗಂಡ ಹೋದ, ಮನೆಯಲ್ಲಿ ಫ್ರಿಜ್ಜು ಮಾತ್ರ ಗುಂಯ್‌ಗುಡುತ್ತಿತ್ತು. ಅದರ ಜೊತೆ ಎಷ್ಟು ಹೊತ್ತು ಕೂರಲಾಗುತ್ತದೆ?

ದಾರಿಯ ನಡುವೆ ಒಂದು ಹಳೆಯ ಕಬ್ಬಿಣದ ಗೇಟು. ಕೀಲು ಕುಸಿದು ಗೇಟಿನ ಒಂದು ತುದಿ ನೆಲ ಕಚ್ಚಿತ್ತು. ಅದರ ಸರಪಳಿ ಮೊಣಕಾಲ ಮಟ್ಟದಲ್ಲಿ. ಸರಪಳಿ ಬಿಡಿಸಿ, ಹೆಗಲು ಕೊಟ್ಟು ಎತ್ತಿ ತಳ್ಳಬೇಕು. ಕುದುರೆಯ ಮೇಲೆ ಕೂತವರಿಗೆ ಅದು ಸಾಧ್ಯವೇ ಇಲ್ಲ. ಮಿಸೆಸ್ ಲೇಕನ್‌ರನ್ನು ನಾನು ಮೊದಲು ನೋಡಿದ್ದು ಆ ಗೇಟಿನ ಆಚೆ, ಒಂದು ಬೂದು ಹೆಣ್ಣುಕುದುರೆಯ ಮೇಲೆ. ಗುಡ್ಡದ ಮೇಲಿನ ದೊಡ್ಡ ಮನೆಯವರು. ವಯಸ್ಸು ಹೆಚ್ಚುಕಡಿಮೆ ನನ್ನದೇ.

"ಈ ಗೇಟು ಒಂಚೂರು ತೆಗೀತೀರಾ, ದಯವಿಟ್ಟು? ಇಳಿಯೋಕೇನೋ ಇಳೀತೀನಿ, ಆದ್ರೆ ಮತ್ತೆ ಹತ್ತೋಕಾಗಲ್ಲ. ಸೊಂಟ ಕೈ ಕೊಟ್ಟಿದೆ," ಎಂದರು.

"ಹತ್ತೋಕಾಗದವ್ರು ಮೊದ್ಲು ಹತ್ತಿದ್ದು ಹೇಗೋ?" ಎಂದೆ. ನನ್ನ ಬಾಯಿ ಅಂಥದ್ದು.

"ಮನೇಲಿ ಹತ್ತೋಕೆ ಕಲ್ಲಿನ ಮೆಟ್ಲಿದೆ. ಇಲ್ಲಾದ್ರೆ ನಿಮ್ಮ ಹೆಗಲ ಮೇಲೇ ಕಾಲಿಡ್ಬೇಕಾಗತ್ತೆ. ನೋಡಿ, ಯಾವ್ದು ವಾಸಿ?"

ನಗು ಬಂದುಬಿಟ್ಟಿತು. ಗೇಟು ತೆಗೆದೆ.

ಮರುದಿನವೂ ತೆಗೆದೆ. ಇಷ್ಟು ಹೊತ್ತಿಗೆ ಬನ್ನಿ ಎಂದು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಚರ್ಚಿನ ಗಡಿಯಾರ ಒಂಬತ್ತು ಹೊಡೆಯುವಾಗ ನಾನು ಗೇಟಿನ ಹತ್ತಿರ ಇರುತ್ತಿದ್ದೆ, ಬೇಲಿಯ ಮೇಲೆ ಕುದುರೆಯ ಕಿವಿ ಕಾಣುತ್ತಿತ್ತು. ಗೇಟು ತೆಗೆಯುವುದು ಚಿಟಿಕೆ ಹೊಡೆಯುವಷ್ಟರ ಕೆಲಸ. ನಾವು ಅದನ್ನು ಎಳೆದು ಎಳೆದು ಹತ್ತು ನಿಮಿಷ ಮಾಡುತ್ತಿದ್ದೆವು. ಟಜ್‌ನ ಹೋರಿಗಳು, ಈ ಸಲದ ಪ್ಲಮ್ ಹಣ್ಣು, ಹೊಸ ಪಾದ್ರಿಯ ಉದ್ದುದ್ದ ಉಪದೇಶ, ಮಳೆ. ಮಳೆಯೇ ಹೆಚ್ಚು. ನಮ್ಮ ಹಿಯರ್ಫರ್ಡ್ ಸೀಮೆಯಲ್ಲಿ ಮಳೆಗಂತೂ ಬರವಿಲ್ಲ.

ಒಮ್ಮೆ ಕುದುರೆಯ ಕತ್ತು ತಟ್ಟುತ್ತಾ ಅವರಾಗಿಯೇ ಹೇಳಿದರು: "ಮನೇಲಿ ನಾನು, ಪೆಬಲ್, ಇಬ್ರೇ. ಪೆಬಲ್ ಮಾತು ಕಮ್ಮಿ."

"ನಮ್ಮನೆ ಫ್ರಿಜ್ಜೇ ವಾಸಿ ಹಾಗಾದ್ರೆ," ಎಂದೆ. ಅವರು ಜೋರಾಗಿ ನಕ್ಕರು. ಕುದುರೆ ಬೆಚ್ಚಿತು.

ಎಷ್ಟೋ ದಿನ ನಾನು ಇಡೀ ದಿನದಲ್ಲಿ ಮನುಷ್ಯರ ಜೊತೆ ಆಡಿದ ಮಾತು ಅಷ್ಟೇ ಆಗಿರುತ್ತಿತ್ತು. ಮನೆಗೆ ಬಂದು ಅವರ ಮಾತನ್ನು ಮತ್ತೆ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಚಹಾಕ್ಕೆ ಕರೆಯಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಒಲೆಯ ಮುಂದೆ ನಿಂತು ಅಭ್ಯಾಸ ಮಾಡಿದ್ದೆ: "ಯಾವಾಗ್ಲಾದ್ರೂ ಚಹಾಕ್ಕೆ ಬನ್ನಿ." ಆದರೆ ಅವರು ಗುಡ್ಡದ ಮೇಲಿನವರು, ನಾನು ಇಟ್ಟಿಗೆ ಮನೆಗಳ ಸಾಲಿನವಳು. ಅವರು ಒಂದು ಕ್ಷಣ ತಡೆದು "ಖಂಡಿತಾ, ಯಾವತ್ತಾದ್ರೂ" ಎಂದುಬಿಟ್ಟರೆ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗೇಟಿನಲ್ಲಿ ಆ ಭಯವಿರಲಿಲ್ಲ. ಗೇಟು ಯಾರಾದರೂ ತೆಗೆಯಲೇಬೇಕಲ್ಲ.

ಮೂರನೆಯ ಚಳಿಗಾಲದಲ್ಲಿ ಎದೆಯಲ್ಲಿ ಕಫ ಕಟ್ಟಿ ನಾನು ಒಂದು ವಾರ ಮಲಗಿದೆ. ಎದ್ದು ಹೋದ ದಿನ ಮಿಸೆಸ್ ಲೇಕನ್ ಹೇಳಿದರು: "ದಿನಾ ಗೇಟಿನ ತನಕ ಬಂದು ವಾಪಸ್ ಹೋದೆ."

"ದಿನಾನೂ?"

"ದಿನಾನೂ."

ಅಯ್ಯೋ ಪಾಪ, ನಾನೊಬ್ಬಳು ಮಲಗಿದ್ದಕ್ಕೆ ಇವರ ಸವಾರಿಯೇ ನಿಂತುಹೋಯಿತಲ್ಲ ಎಂದುಕೊಂಡೆ. ನನ್ನ ತಲೆಗೆ ಹೊಳೆದದ್ದು ಅದೊಂದೇ. ಅವರಿಗೆ ಏನಾದರೂ ಮಾಡಬೇಕು, ಕೊಡಬೇಕು ಎಂದು ಎಷ್ಟೋ ದಿನದಿಂದ ಒಳಗೊಳಗೇ ಆಸೆಯಿತ್ತು. ಈಗ ಅದೇನೆಂದು ಗೊತ್ತಾಯಿತು.

ಕುದುರೆಯವರಿಗೆಂದೇ ಒಂದು ಥರದ ಗೇಟು ಬರುತ್ತದೆ. ಉದ್ದನೆಯ ಹಿಡಿ ಸವಾರರ ಕೈಗೆ ಎಟಕುವಷ್ಟು ಮೇಲೆ ನಿಂತಿರುತ್ತದೆ. ಅದನ್ನು ಜಗ್ಗಿದರೆ ಗೇಟು ತೆರೆದುಕೊಳ್ಳುತ್ತದೆ, ಬಿಟ್ಟರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಊರಿನ ದಾರಿಗಳ ಸಮಿತಿಯಲ್ಲಿ ನಾನೂ ಇದ್ದೆ. ಅಧ್ಯಕ್ಷ ಡೆಸ್ಮಂಡ್ ನನ್ನ ಜೊತೆ ಶಾಲೆಯಲ್ಲಿ ಓದಿದವನು, ಆಗಲೂ ಮೊಂಡ, ಈಗಲೂ ಮೊಂಡ.

"ನೀನಾ, ಓಲ್ವೆನ್? ಕುದುರೆಯವ್ರ ಪರವಾಗಿ?" ಎಂದ. "ಲದ್ದಿ ಬಗ್ಗೆ ನನ್ನ ತಲೆ ತಿಂದವಳು ನೀನೇ ಅಲ್ವಾ?"

"ಲದ್ದಿ ಬೇರೆ, ಗೇಟು ಬೇರೆ. ನೀನು ಹಾಕಿಸ್ತೀಯೋ ಇಲ್ವೋ?"

"ಅಲ್ಲ ಕಣೇ, ಸುದ್ದಿ ಕೇಳಿ ಮಿಸೆಸ್ ಲೇಕನ್ ಅವ್ರೇ ಫೋನ್ ಮಾಡಿದ್ರು. ಹಳೇ ಗೇಟೇ ಚೆನ್ನಾಗಿದೆ, ದಯವಿಟ್ಟು ತೊಂದರೆ ತಗೋಬೇಡಿ ಅಂದ್ರು. ಎರಡು ಸಲ ಅಂದ್ರು."

"ಇನ್ನೇನಂತಾರೆ? ಮರ್ಯಾದಸ್ಥರು ಹಾಗೇ ಹೇಳೋದು. ನಿನ್ನ ಅಮ್ಮ ಎರಡನೇ ತುಂಡು ಕೇಕ್ ಬೇಡ ಅಂತಿದ್ಲಲ್ಲ, ತಿಂತಿರ್ಲಿಲ್ವಾ?"

ಸಮಿತಿಯವರೆಲ್ಲ ನಕ್ಕರು. ನಮ್ಮಲ್ಲಿ ಬೇಡ ಎಂದರೆ ಬೇಡ ಎಂದು ನಂಬುವವನ ಮನೆಯಲ್ಲಿ ನೆಂಟರು ಹಸಿದೇ ಇರುತ್ತಾರೆ. ಇದು ಎಲ್ಲರಿಗೂ ಗೊತ್ತಿರುವ ವಿಷಯ. ನಾನು ಹಿಡಿದ ಹಠ ಬಿಡಲಿಲ್ಲ. ವಸಂತ ಬರುವಷ್ಟರಲ್ಲಿ ಹಳೆಯ ಗೇಟು ಹೋಗಿ ಹೊಸ ಗೇಟು ನಿಂತಿತು. ನಾನೇ ಹಿಡಿ ಜಗ್ಗಿ ನೋಡಿದೆ. ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ತೆರೆಯಿತು.

ಮಾರನೆಯ ದಿನ ಒಂಬತ್ತಕ್ಕೆ ಹೋಗಿ ನಿಂತೆ. ಅವರ ಮುಖ ನೋಡಬೇಕಿತ್ತು ನನಗೆ. ನಾನೇ ಹಾಕಿಸಿದ್ದು ಎಂದು ಹೇಳುವುದೋ, ಅವರಾಗಿಯೇ ಕೇಳಲಿ ಎಂದು ಬಿಡುವುದೋ ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಇವತ್ತಾದರೂ ಚಹಾಕ್ಕೆ ಕರೆದೇಬಿಡುತ್ತೇನೆ ಎಂದೂ ಅಂದುಕೊಂಡಿದ್ದೆ. ಅವರು ಬರಲಿಲ್ಲ. ನೆಲದ ಮೇಲೆ ಗೊರಸಿನ ಹಸಿ ಗುರುತುಗಳಿದ್ದವು, ಗೇಟಿನ ಈಚೆಗೂ ಆಚೆಗೂ. ಅವರು ಆಗಲೇ ಹೋಗಿಯಾಗಿತ್ತು.

ಅದರ ಮಾರನೆಯ ದಿನವೂ ಅಷ್ಟೇ. ಆ ವಾರವೆಲ್ಲ ಅಷ್ಟೇ. ಓಹೋ, ನನ್ನ ಕೈಯಿಂದ ಕೆಲಸ ಆಗುವಷ್ಟು ದಿನ ನಾನು ಬೇಕಿತ್ತು, ಹಿಡಿ ಬಂತು, ಋಣ ಮುಗಿಯಿತು ಎಂದುಕೊಂಡೆ. ಕುದುರೆಯವರ ಬುದ್ಧಿಯೇ ಇಷ್ಟು ಎಂದು ಬೈದೆ. ಬೈದದ್ದು ಫ್ರಿಜ್ಜಿನ ಮುಂದೆ. ಬೈದ ಮೇಲೆ ಕೂತು ಅತ್ತೆ.

ಸುಮ್ಮನಿರಲಾಗಲಿಲ್ಲ. ಒಂದು ದಿನ ಬೇಗ ಎದ್ದು, ಹುಲ್ಲಿನ ಮೇಲೆ ಇನ್ನೂ ಇಬ್ಬನಿ ಇರುವಾಗಲೇ ಹೋದೆ. ಬಂದರು. ನನ್ನನ್ನು ನೋಡಿ ಅವರ ಮುಖ ಮೊದಲು ಅರಳಿತು, ಆಮೇಲೆ ಗಾಬರಿಯಾಯಿತು.

"ಅಯ್ಯೋ ಮಿಸೆಸ್ ಪ್ರಾಸರ್! ಇಷ್ಟು ಬೇಗ ಯಾಕೆ ಬಂದ್ರಿ?"

"ನಿದ್ದೆ ಬರ್ಲಿಲ್ಲ. ಹಾಗೇ ಬಂದೆ."

"ಗೇಟಿಗೋಸ್ಕರ ನೀವು ಜಗಳಾನೇ ಆಡಿದ್ರಂತೆ. ಡೆಸ್ಮಂಡ್ ಹೇಳ್ದ." ಅವರು ಲಗಾಮಿನ ಗಂಟನ್ನು ನೋಡುತ್ತಾ ಮಾತಾಡಿದರು. "ಸರಿಯಾಗೇ ಮಾಡಿದ್ರಿ. ನಂಗೇ ಹೊಳೀಬೇಕಿತ್ತು. ಮೂರು ಚಳಿಗಾಲ ನಿಮ್ಮನ್ನ ಕೆಸರಲ್ಲಿ ನಿಲ್ಲಿಸ್ದೆ, ನಿಮ್ಗೆ ಕಾಯಿಲೆ ಬಂತು, ಆದ್ರೂ ನಂಗೆ ಬುದ್ಧಿ ಬರ್ಲಿಲ್ಲ. ಒಂದಿನಾನೂ ಬೇಜಾರು ತೋರಿಸ್ಲಿಲ್ಲ ನೀವು. ಅದಕ್ಕೇ ಈಗ ಬೇಗ ಬಂದು ಹೋಗ್ತೀನಿ. ನಿಮ್ಮ ಬೆಳಗ್ಗೆ ನಿಮಗಿರ್ಲಿ ಅಂತ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವರ ಕಾಟ ತಪ್ಪಿದರೆ ಸಾಕು ಎಂದು ನಾನು ಗೇಟು ಹಾಕಿಸಿದೆ ಎಂದು ಅವರು ತಿಳಿದಿದ್ದರು. ಹಳೇ ಗೇಟೇ ಇರಲಿ ಎಂದು ಎರಡು ಸಲ ಫೋನಿನಲ್ಲಿ ಕೇಳಿಕೊಂಡಿದ್ದು ಮರ್ಯಾದೆಗಲ್ಲ. ಒಂದು ವಾರ ದಿನಾ ಬಂದು ವಾಪಸ್ ಹೋದದ್ದು ಗೇಟು ತೆರೆಯಲಿ ಎಂದೂ ಅಲ್ಲ. ಅವರಿಗೂ ನನಗೂ ಆ ಹತ್ತು ನಿಮಿಷ ಕೊಡುತ್ತಿದ್ದ ಹಳೆಯ ಗೇಟನ್ನು ನನ್ನ ಕೈಯಾರೆ ಕಿತ್ತು ಹಾಕಿಸಿದ್ದೆ.

ಹೇಳಬೇಕಿತ್ತು. ನನಗೆ ನೀವು ಬೇಕು, ನಿಮ್ಮನ್ನು ಬಿಟ್ಟರೆ ನನಗೆ ಯಾರೂ ಇಲ್ಲ, ಈ ಗೇಟು ಹಾಳಾಗಿ ಹೋಗಲಿ. ಇಷ್ಟೇ ಹೇಳಬೇಕಿದ್ದದ್ದು. ನನ್ನ ಬಾಯಿಂದ ಬಂದದ್ದು ಇದು:

"ಛೆ ಛೆ, ತೊಂದರೆ ಏನಿತ್ತು ಅದ್ರಲ್ಲಿ? ಏನೂ ಇಲ್ಲಪ್ಪ."

ಬಸ್ಸಿನಲ್ಲಿ ಕಾಲು ತುಳಿದವನಿಗೂ ನಮ್ಮ ಜನ ಇದೇ ಮಾತು ಹೇಳುತ್ತಾರೆ. ಮಿಸೆಸ್ ಲೇಕನ್‌ಗೂ ಅದು ಗೊತ್ತು. ಅವರು ಮೆಲ್ಲಗೆ ತಲೆಯಾಡಿಸಿದರು.

"ನೀವು ತುಂಬಾ ಒಳ್ಳೆಯವ್ರು," ಎಂದರು.

ಕುದುರೆಯನ್ನು ಪಕ್ಕಕ್ಕೆ ತಂದು ಹಿಡಿ ಜಗ್ಗಿ ದಾಟಿಕೊಂಡರು. ಗೇಟು ತಾನಾಗಿ ಮುಚ್ಚಿತು. ಕುದುರೆ ಓಡಲಿಲ್ಲ, ನಡಿಗೆಯಲ್ಲೇ ಹೋಯಿತು, ಬಹಳ ನಿಧಾನವಾಗಿ, ಹೊಲದ ತಿರುವಿನವರೆಗೂ. ಅಷ್ಟು ನಿಧಾನ ಯಾಕೆಂದು ನನಗೆ ಗೊತ್ತಿತ್ತು. ಅರವತ್ತು ದಾಟಿದ ಹೆಂಗಸೂ ಓಡಿ ಹಿಡಿಯಬಹುದಿತ್ತು. ನಮ್ಮೂರಲ್ಲಿ ಜನ ನಾಯಿಯ ಹಿಂದೆ ಓಡುತ್ತಾರೆ, ಗಾಳಿಗೆ ಹಾರಿದ ಟೋಪಿಯ ಹಿಂದೆ ಓಡುತ್ತಾರೆ, ಆದರೆ ಮನುಷ್ಯರ ಹಿಂದೆ ಓಡಿದ್ದನ್ನು ನಾನು ಕಂಡಿಲ್ಲ. ಅವರು ತಿರುವಿನಲ್ಲಿ ಮರೆಯಾಗುವ ತನಕ ನಾನು ಅಲ್ಲೇ ನಿಂತಿದ್ದೆ.