ಎರಡನೆಯ ಕರಡಿಗೆ

ಗಿರಿಜಾಂಬಾಳ ಕೊರಳಲ್ಲಿ ಎರಡು ಬೆಳ್ಳಿ ಕರಡಿಗೆಗಳಿದ್ದವು. ದೊಡ್ಡದರಲ್ಲಿ ಅವಳ ಇಷ್ಟಲಿಂಗ. ಅದರ ಕೆಳಗೆ, ಇನ್ನೊಂದು ಶಿವದಾರದಲ್ಲಿ, ಸಣ್ಣ ನಿಂಬೆಹಣ್ಣಿನ ಗಾತ್ರದ್ದು ತೂಗುತ್ತಿತ್ತು. ಅದರಲ್ಲಿದ್ದದ್ದು ಅವಳ ಮಗನ ಲಿಂಗ. ಮಗ ಇರಲಿಲ್ಲ.

ಚಾಮರಾಜಪೇಟೆಯ ಆ ಮನೆಯಲ್ಲಿ ಬಸುರಿಗೆ ಎಂಟನೆಯ ತಿಂಗಳಾದಾಗ ಮನೆಗುರುಗಳು ಹುಟ್ಟಲಿರುವ ಮಗುವಿನ ಲಿಂಗವನ್ನು ತಂದು ತಾಯಿಯ ಕೊರಳಿಗೆ ಕಟ್ಟುವುದು ಪದ್ಧತಿ. ಮಗು ಮನೆಗೆ ಬಂದು, ಅದಕ್ಕೆ ನೀರು ಹಾಕಿದ ಮೇಲೆ ಅದು ಮಗುವಿನ ಕೊರಳಿಗೆ ಹೋಗುತ್ತದೆ. ಬದುಕಿರುವವರೆಗೆ ಮೈಮೇಲಿದ್ದು, ಕೊನೆಗೆ ಧರಿಸಿದವರ ಜೊತೆಯಲ್ಲೇ ಮಣ್ಣು ಸೇರುತ್ತದೆ. ಗಿರಿಜಾಂಬಾಳ ಮಗು ೧೯೫೦ರ ಆಷಾಢದ ಒಂದು ಸಂಜೆ ಹೆರಿಗೆ ಆಸ್ಪತ್ರೆಯಲ್ಲಿ ಹುಟ್ಟಿ, ಬೆಳಗಾಗುವಷ್ಟರಲ್ಲಿ ತೀರಿಕೊಂಡಿತು. ತಾಯಿಗೆ ಜ್ವರದಲ್ಲಿ ಎಚ್ಚರವಿರಲಿಲ್ಲ. ಅವಳು ಕಣ್ಣು ಬಿಡುವ ಹೊತ್ತಿಗೆ ಗಂಡ ಪರಮಶಿವಯ್ಯ ಮಗುವನ್ನು ಮಣ್ಣು ಮಾಡಿ ಬಂದಾಗಿತ್ತು. ವಿಷಯ ಕೇಳಿದ ಮೇಲೆ ಅವಳು ಮಲಗಿದಲ್ಲೇ ಕೊರಳು ತಡವಿ ನೋಡಿಕೊಂಡಳು. ಎರಡೂ ಅಲ್ಲೇ ಇದ್ದವು.

ಅಂದಿನಿಂದ ಅವಳು ಬೆಳಗಿನ ಪೂಜೆಯನ್ನು ಎರಡು ಸಲ ಮಾಡುತ್ತಿದ್ದಳು. ಮೊದಲು ತನ್ನದು. ಆಮೇಲೆ ಚಿಕ್ಕ ಕರಡಿಗೆ ಬಿಚ್ಚಿ, ಆ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ನೀರೆರೆದು, ಒಂದು ಚಮಚ ಹಾಲು ತೋರಿಸಿ ಮತ್ತೆ ಕಟ್ಟಿಕೊಳ್ಳುತ್ತಿದ್ದಳು. ಅತ್ತೆ ವಿಶಾಲಾಕ್ಷಮ್ಮ ನೋಡಿಯೂ ನೋಡದಂತಿದ್ದರು. ಹೀಗೆಯೇ ಒಂದು ವರ್ಷ ತುಂಬುತ್ತ ಬಂತು. ಅಷ್ಟರಲ್ಲಿ ಮೈದುನ ಮುರುಗೇಶನ ಹೆಂಡತಿ ಶಿವಕುಮಾರಿಗೆ ಎಂಟು ತಿಂಗಳಾಯಿತು.

ಗುರುವಾರ ಮಧ್ಯಾಹ್ನ ವಿಶಾಲಾಕ್ಷಮ್ಮ ಹುಣಸೆಹಣ್ಣು ಹಚ್ಚಿ ದೀಪದ ಕಂಬ ಉಜ್ಜುತ್ತ ಮಾತು ತೆಗೆದರು.

"ಸೋಮವಾರ ಅಯ್ನೋರು ಬರ್ತಾರೆ. ನಿನ್ನ ಕತ್ತಲ್ಲಿರೋ ಚಿಕ್ಕದನ್ನ ತೆಗೆದುಕೊಡು. ಶಿವಕುಮಾರಿಗೆ ಅದನ್ನೇ ಕಟ್ಟಿಸೋಣ."

"ಅದಕ್ಕೆ ಯಜಮಾನ ಇದಾನೆ, ಅತ್ತೆ."

"ಎಲ್ಲಿದಾನೆ? ಕಟ್ಟಿಸ್ಕೊಂಡಿದ್ರೆ ತಾನೆ ಅವನದು? ಗುರು ಕೊಟ್ಟ ಲಿಂಗ ಬರೋ ಮಗೂಗೆ ಆಗ್ಲಿ. ನೀನು ಎಷ್ಟು ದಿನ ಹಿಂಗೆ ಎರಡು ಹೊತ್ಕೊಂಡು ಓಡಾಡ್ತೀಯ? ಬೀದಿಯೋರು ಕೇಳ್ತಾರೆ, ನಿಮ್ಮ ದೊಡ್ಡ ಸೊಸೆ ಮತ್ತೆ ಬಸುರಿಯಾ ಅಂತ."

"ಏನು ಹೇಳ್ತೀರಿ?"

"ಏನು ಹೇಳ್ಲಿ? ಬಿಸಿಲು ಜಾಸ್ತಿ ಅಂತ ಮಾತು ತಿರುಗಿಸ್ತೀನಿ."

ಗಿರಿಜಾಂಬಾ ನಗಲಿಲ್ಲ. "ನಿಮ್ಮ ಇಬ್ಬರು ಮಕ್ಕಳು ಚಿಕ್ಕದ್ರಲ್ಲೇ ಹೋದಾಗ ಅವರ ಲಿಂಗ ಅವರ ಜೊತೆ ಹೋಯ್ತು ಅಂತ ನೀವೇ ಹೇಳಿದ್ರಿ."

"ಅವಕ್ಕೆ ಕಟ್ಟಿಯಾಗಿತ್ತು."

"ನಂದು ಬರಿಗೈಲಿ ಹೋಯ್ತು. ಇದನ್ನ ಅವನ ಹತ್ರ ಕಳಿಸ್ತೀನಿ, ಅತ್ತೆ. ಆಮೇಲೆ ಕರಡಿಗೆ ಯಾರಾದ್ರೂ ತಗೊಳ್ಳಿ."

ವಿಶಾಲಾಕ್ಷಮ್ಮ ಕಂಬವನ್ನು ಬೆಳಕಿಗೆ ಹಿಡಿದು ನೋಡಿದರು. ಫಳಫಳ ಹೊಳೆಯುತ್ತಿದ್ದರೂ ಮತ್ತೊಮ್ಮೆ ಉಜ್ಜತೊಡಗಿದರು. "ಸೋಮವಾರದ ತನಕ ಟೈಮಿದೆ. ಯೋಚನೆ ಮಾಡು," ಎಂದರು. ಆ ಮನೆಯಲ್ಲಿ ಯೋಚನೆ ಮಾಡು ಎಂದರೆ ಒಪ್ಪಿಕೋ ಎಂದು ಅರ್ಥ.

ಹಿತ್ತಲಿನಲ್ಲಿ ಶಿವಕುಮಾರಿ ಬಟ್ಟೆ ಒಣಹಾಕುತ್ತಿದ್ದಳು. "ಅಕ್ಕ, ನಂಗೆ ಅದು ಬೇಡ," ಎಂದಳು ತಗ್ಗಿದ ದನಿಯಲ್ಲಿ. "ಹೆದರಿಕೆ ಅಂತ ಅಲ್ಲ. ನಿಮ್ಮಿಂದ ಕಿತ್ಕೊಂಡಂಗಾಗುತ್ತೆ. ಅತ್ತೆ ಹತ್ರ ಹೇಳೋಕೆ ಮಾತ್ರ ನನ್ನ ಕೈಲಾಗಲ್ಲ."

"ಅವರ ಹತ್ರ ಎದುರು ಮಾತಾಡೋ ಧೈರ್ಯ ಈ ಮನೇಲಿ ಹಾಲು ಹಾಕೋಕೆ ಬರೋ ಪಿಳ್ಳಮ್ಮನಿಗೆ ಮಾತ್ರ," ಎಂದಳು ಗಿರಿಜಾಂಬಾ. ಇಬ್ಬರೂ ಒದ್ದೆ ಸೀರೆಯ ಎರಡು ತುದಿ ಹಿಡಿದು ಹಿಂಡಿದರು.

ಅಂದು ಸಂಜೆ ಗಂಡನಿಗೆ ಬಡಿಸುವಾಗ ಅವಳು ಕೇಳಿದಳು. "ಭಾನುವಾರ ನನ್ನ ರುದ್ರಭೂಮಿಗೆ ಕರ್ಕೊಂಡು ಹೋಗಿ. ಅವನನ್ನ ಇಟ್ಟ ಜಾಗದಲ್ಲಿ ಒಂದು ಗೇಣು ಅಗೆದು ಇದನ್ನ ಇಟ್ಟು ಬರೋಣ. ಅಷ್ಟು ಸಾಕು."

ಪರಮಶಿವಯ್ಯ ತಟ್ಟೆಯಿಂದ ಕಣ್ಣೆತ್ತಲಿಲ್ಲ. "ಜಾಗ ನೆನಪಿಲ್ಲ."

ತರಗುಪೇಟೆಯಲ್ಲಿ ಅವನದು ಬೆಲ್ಲದ ಮಂಡಿ. ಒಂದು ಅಚ್ಚು ಮುರಿದು ಮೂಸಿ ನೋಡಿ ಯಾವ ಊರಿನ ಆಲೆಮನೆಯದೆಂದು ಹೇಳುತ್ತಿದ್ದ. ಹತ್ತು ವರ್ಷದ ಹಿಂದೆ ಯಾವ ಗಾಡಿಯವನು ಎಲ್ಲಿ ಹಗ್ಗ ಮರೆತು ಹೋದನೆಂಬುದೂ ಅವನಿಗೆ ನೆನಪು. ಮಗನನ್ನು ಇಟ್ಟ ಜಾಗ ಮರೆತಿದೆ ಎಂದರೆ ಗಿರಿಜಾಂಬಾ ನಂಬುವ ಹಾಗಿರಲಿಲ್ಲ. ಗುರುತಿಗೆ ಒಂದು ಕಲ್ಲನ್ನೂ ನೆಡದೆ, ಬೇಗ ಬೇಗ ಮುಗಿಸಿ ಬಂದಿರಬೇಕು ಎಂದುಕೊಂಡಳು. ಆ ಆಷಾಢದಿಂದ ಅವನು ಮನೆಯಲ್ಲಿ ಲಿಂಗಪೂಜೆಗೂ ಕೂರುತ್ತಿರಲಿಲ್ಲ. ಗಾಡಿಗಳು ಬೇಗ ಬರುತ್ತವೆ, ಮಂಡಿಯಲ್ಲೇ ಮಾಡಿಕೊಳ್ಳುತ್ತೇನೆ ಎನ್ನುತ್ತಿದ್ದ. ತಾನು ಎರಡನೆಯ ಕರಡಿಗೆ ಬಿಚ್ಚುವುದನ್ನು ನೋಡಲಾರದೆ ಹಾಗೆ ಹೋಗುತ್ತಾನೆ ಎಂದು ಅವಳು ತಿಳಿದಿದ್ದಳು. ಒಮ್ಮೊಮ್ಮೆ ಅದಕ್ಕೂ ಸಿಟ್ಟು ಬರುತ್ತಿತ್ತು.

ಭಾನುವಾರ ಊಟವಾದ ಮೇಲೆ ವಿಶಾಲಾಕ್ಷಮ್ಮ ಬಸವನಗುಡಿಯ ತಂಗಿಯ ಮನೆಗೆ ಹೊರಟರು. ಮುರುಗೇಶ ಅವರನ್ನು ಬಿಟ್ಟು ಬರಲು ಹೋದ. ಶಿವಕುಮಾರಿ ಮಲಗಿದ್ದಳು. ಗಿರಿಜಾಂಬಾ ಬೇರೆ ಸೀರೆ ಉಟ್ಟು, ಹೂವಿನ ಪಾತಿ ಕೆದಕುವ ಕುರ್ಪಿಯನ್ನು ಒಂದು ಬಟ್ಟೆಯಲ್ಲಿ ಸುತ್ತಿ ಹಿಡಿದುಕೊಂಡು ಪಡಸಾಲೆಗೆ ಬಂದಳು. ಬೆಂಚಿನ ಮೇಲೆ ಪೇಪರು ಮುಖಕ್ಕೆ ಮುಚ್ಚಿಕೊಂಡು ಮಲಗಿದ್ದ ಪರಮಶಿವಯ್ಯ ಬಳೆಯ ಸದ್ದಿಗೆ ಎದ್ದು ಕುಳಿತ.

"ಎಲ್ಲಿಗೆ?"

"ಮೈಸೂರು ರಸ್ತೆ ರುದ್ರಭೂಮಿಗೆ. ಸರ್ಕಲ್ಲಲ್ಲಿ ಜಟ್ಕಾ ಸಿಗುತ್ತೆ. ಅಲ್ಲಿ ಮಣ್ಣು ಅಗೆಯೋರು ಇರ್ತಾರಲ್ಲ, ಅವರಿಗೆ ಜಾಗ ಗೊತ್ತಿರುತ್ತೆ."

"ಹೆಂಗಸರು ಅಲ್ಲಿಗೆ ಹೋಗಲ್ಲ, ಗಿರಿಜಾ."

"ಗಂಡಸರಿಗೆ ನೆನಪಿರಲ್ಲ."

ಅವಳು ಚಪ್ಪಲಿ ಮೆಟ್ಟಿದಳು. ಅವನು ಬಾಗಿಲಿಗೆ ಅಡ್ಡ ಬರಲಿಲ್ಲ, ಕೂತಲ್ಲಿಂದಲೇ ಹೇಳಿದ. "ಹೋಗ್ಬೇಡ. ಜಾಗ ನೆನಪಿದೆ. ಅಗೆಯೋದು ಬೇಡ, ಅವನ ಹತ್ರ ಇದೆ."

"ಏನಿದೆ?"

ಪರಮಶಿವಯ್ಯ ಅಂಗಿಯ ಗುಂಡಿ ಬಿಚ್ಚಿ, ಕೊರಳಿನ ಶಿವದಾರ ತೆಗೆದು, ಕರಡಿಗೆಯನ್ನು ಅವಳ ಕೈಗಿಟ್ಟ. ಗಂಡನ ಕರಡಿಗೆಯನ್ನು ಅವಳು ಎಂದೂ ಮುಟ್ಟಿದವಳಲ್ಲ. ಅವನು ತಲೆಯಾಡಿಸಿದ ಮೇಲೆ ಮುಚ್ಚಳ ತೆಗೆದಳು. ಒಳಗೆ ಒಂದು ತುಂಡು ವಿಭೂತಿ ಗಟ್ಟಿ ಇತ್ತು. ಬೇರೇನೂ ಇರಲಿಲ್ಲ.

"ಖಾಲಿ ಇದ್ರೆ ಹಗೂರಾಗುತ್ತೆ," ಎಂದ ಅವನು. "ಅಮ್ಮ ಕೈ ಹಾಕಿದ್ರೆ ಗೊತ್ತಾಗುತ್ತೆ ಅಂತ."

ಅವಳು ಬಾಗಿಲ ಪಕ್ಕದಲ್ಲೇ ನೆಲದ ಮೇಲೆ ಕುಳಿತಳು. ಅವನು ಒಂದೊಂದೇ ಮಾತು ಹೇಳಿದ. ಆಸ್ಪತ್ರೆಯಲ್ಲಿ ಮಗುವನ್ನು ಬಾಗಿಲ ಬಳಿ ಬಟ್ಟೆ ಸುತ್ತಿ ಕೊಟ್ಟರು, ಗಂಡಸರನ್ನು ವಾರ್ಡಿನೊಳಗೆ ಬಿಡುತ್ತಿರಲಿಲ್ಲ. ಮುರುಗೇಶ ಜಟ್ಕಾದ ಹತ್ತಿರ ರುದ್ರಭೂಮಿಯ ಗೇಟಿನಲ್ಲೇ ನಿಂತ. ಗುಂಡಿ ತೆಗೆದವನು ಲಿಂಗ ಎಲ್ಲಿ ಎಂದು ಕೇಳಿದಾಗಲೇ ಪರಮಶಿವಯ್ಯನಿಗೆ ನೆನಪಾದದ್ದು. ಅದು ಹೆಂಡತಿಯ ಕೊರಳಲ್ಲಿತ್ತು.

"ವಾಪಸ್ ಬರೋಕೆ ಮನಸ್ಸಾಗ್ಲಿಲ್ಲ. ನಿಂಗೆ ಎಚ್ಚರ ಇರ್ಲಿಲ್ಲ, ನಿನ್ನ ಕತ್ತಿಂದ ಬಿಚ್ಚಿಸ್ಬೇಕಾಗಿತ್ತು. ಅಲ್ಲೀವರೆಗೆ ಅವನನ್ನ ಕೆಳಗೆ ಮಲಗಿಸ್ಬೇಕು. ಮಳೆ ಹನೀತಿತ್ತು. ನಂದನ್ನೇ ತೆಗೆದು ಕೊಟ್ಟೆ."

"ಹಂಗಾದ್ರೆ ಮಂಡೀಲಿ ದಿನಾ ಪೂಜೆ?"

"ಬಾಗಿಲು ಹಾಕ್ಕೊಂಡು ಕೂತ್ಕೋತೀನಿ. ಕೈ ಮುಂದೆ ಹಿಡಿದು ಅಂಗೈ ನೋಡ್ತೀನಿ. ಅಭ್ಯಾಸ."

ಗಿರಿಜಾಂಬಾ ವಿಭೂತಿಯ ತುಂಡನ್ನು ಬೆರಳಿನಿಂದ ಅಲುಗಿಸಿದಳು. "ಅಯ್ನೋರ ಹತ್ರ ಇನ್ನೊಂದು ಕೇಳ್ಬಹುದಾಗಿತ್ತು."

"ಹಳೇದು ಎಲ್ಲಿ ಅಂತಾರೆ. ಹೇಳಿದ್ರೆ ನಿಂಗೆ ಗೊತ್ತಾಗುತ್ತೆ, ಅವನನ್ನ ಅವನ ಲಿಂಗ ಇಲ್ದೆ ಕರ್ಕೊಂಡು ಹೋದೆ ಅಂತ."

"ರೀ," ಎಂದಳು ಅವಳು, "ನನ್ನ ಕತ್ತಲ್ಲೇ ಇತ್ತಲ್ಲ. ಆವತ್ತೇ ಗೊತ್ತಾಯ್ತು ನಂಗೆ."

ಪರಮಶಿವಯ್ಯ ಅವಳನ್ನೇ ನೋಡಿದ. ಲೆಕ್ಕದಲ್ಲಿ ಎಂದೂ ತಪ್ಪದ ಮನುಷ್ಯನಿಗೆ ಇದೊಂದು ಹೊಳೆದಿರಲಿಲ್ಲ. ಅವಳು ಅಳುತ್ತಿದ್ದಳು, ಆದರೆ ದನಿ ಸರಿಯಾಗಿತ್ತು. "ಅವನು ಬರಿಗೈಲಿ ಹೋದ ಅಂತ ನಾನು ಒಂದು ವರ್ಷದಿಂದ ಸಾಯ್ತಿದೀನಿ. ನೀವು ಬರೀ ಅಂಗೈ ನೋಡ್ಕೊಂಡು ಕೂತಿದ್ರಿ."

"ಅಮ್ಮನಿಗೆ ಮಾತ್ರ ಹೇಳ್ಬೇಡ."

ಅವಳು ಆಗಲಿ ಎನ್ನಲಿಲ್ಲ. ಎದ್ದು ಹೋಗಿ ಕುರ್ಪಿಯನ್ನು ಪಾತಿಯ ಹತ್ತಿರ ಇಟ್ಟು ಬಂದಳು.

ಸೋಮವಾರ ಏಕಾಂತಯ್ಯನವರು ಬಂದರು. ಮೂರು ತಲೆಮಾರಿನಿಂದ ಆ ಮನೆಗೆ ಗುರುಗಳು ಅವರ ಮಠದವರೇ. ಎಪ್ಪತ್ತು ದಾಟಿದ ವಯಸ್ಸು, ಮಂಡಿನೋವು, ಸಿಹಿ ಎಂದರೆ ಆಸೆ. ಪಾದಪೂಜೆ ಮುಗಿಯಿತು. ಮಂಡಿಗೆ ಹೋಗದೆ ಉಳಿದಿದ್ದ ಪರಮಶಿವಯ್ಯ ಕಂಬಕ್ಕೆ ಒರಗಿ ನಿಂತಿದ್ದ. ಶಿವಕುಮಾರಿ ಮಣೆಯ ಮೇಲೆ ಕುಳಿತಳು. ವಿಶಾಲಾಕ್ಷಮ್ಮ ಹಿರಿಯ ಸೊಸೆಯ ಕಡೆ ನೋಡಿ, "ತಾ," ಎಂದರು.

ಗಿರಿಜಾಂಬಾ ಚಿಕ್ಕ ಕರಡಿಗೆಯ ದಾರವನ್ನು ತಲೆಯ ಮೇಲಿಂದ ತೆಗೆದು, ಎರಡೂ ಕೈಯಲ್ಲಿ ಹಿಡಿದು ಗುರುಗಳ ಮುಂದೆ ಇಟ್ಟಳು.

"ಬುದ್ಧೀ, ಇದು ನೀವು ಕೊಟ್ಟಿದ್ದು. ಒಂದು ದಿನಾನೂ ಪೂಜೆ ತಪ್ಪಿಸಿಲ್ಲ. ಇದನ್ನ ಈ ಮನೇಲಿ ಲಿಂಗ ಇಲ್ದೆ ಇರೋರಿಗೆ ಕಟ್ಬೇಕು."

"ಅದನ್ನೇ ಅಲ್ವೇನಮ್ಮ ಮಾಡೋಕೆ ಬಂದಿರೋದು," ಎಂದರು ಏಕಾಂತಯ್ಯನವರು, ಶಿವಕುಮಾರಿಯ ಕಡೆ ಕೈ ತೋರಿಸಿ.

"ಅವಳಿಗಲ್ಲ, ಬುದ್ಧೀ."

ಮುಂದಿನದು ತಾನು ಹೇಳುವ ಮಾತಲ್ಲ ಎಂದು ಗಿರಿಜಾಂಬಾಳಿಗೆ ಗೊತ್ತಿತ್ತು. ಗಂಡನ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ಪರಮಶಿವಯ್ಯ ಬಂದು ಮಂಡಿಯೂರಿ ಕುಳಿತು, ತನ್ನ ಕರಡಿಗೆ ಬಿಚ್ಚಿ, ವಿಭೂತಿಯ ತುಂಡನ್ನು ತಟ್ಟೆಯಲ್ಲಿ ಹಾಕಿದ. ನಡೆದದ್ದನ್ನು ಹೆಂಡತಿಗೆ ಹೇಳಿದ್ದಕ್ಕಿಂತ ಕಡಿಮೆ ಮಾತಿನಲ್ಲಿ ಹೇಳಿದ.

ವಿಶಾಲಾಕ್ಷಮ್ಮ ತಟ್ಟೆಯನ್ನೇ ನೋಡುತ್ತಿದ್ದರು. "ಒಂದು ವರ್ಷ ಲಿಂಗ ಇಲ್ದೆ ಊಟ ಮಾಡಿದೀಯ, ನನ್ನ ಕೈಯಿಂದಲೇ ಬಡಿಸಿಕೊಂಡು."

"ಮಾಡಿದೀನಿ, ಅಮ್ಮ."

"ಎಲ್ಲಿಟ್ಟೆ? ಎದೆ ಮೇಲಾ?"

"ಎಡಗೈಲಿ. ಬೆರಳು ಮಡಚಿದೆ. ಮಡಚಿದಂಗೇ ಹಿಡ್ಕೊಂಡ."

ವಿಶಾಲಾಕ್ಷಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. ಗುರುಗಳ ಕಡೆ ತಿರುಗಿ, "ಇವನಿಗೆ ಏನಾದ್ರೂ ಪ್ರಾಯಶ್ಚಿತ್ತ ಹೇಳಿ, ಬುದ್ಧೀ," ಎಂದರು.

"ಇವತ್ತು ಒಂದು ಹೊತ್ತು ಉಪವಾಸ ಇರ್ಲಿ. ಅವನ ಪಾಲಿನ ಹೋಳಿಗೆ ನಾನು ನೋಡ್ಕೋತೀನಿ," ಎಂದರು ಏಕಾಂತಯ್ಯನವರು. ಆಮೇಲೆ ಚಿಕ್ಕ ಕರಡಿಗೆಯಿಂದ ಲಿಂಗ ತೆಗೆದು ಅಂಗೈಯಲ್ಲಿಟ್ಟು ನೋಡಿದರು. "ಅಪ್ಪನದು ಮಗನ ಹತ್ರ ಇದೆ. ಮಗನದು ಅಪ್ಪನ ಹತ್ರ ಇರ್ಲಿ. ನಾನು ಇದಕ್ಕಿಂತ ಬೇರೆ ಹೇಳಲ್ಲ. ಹತ್ರ ಬಾರಯ್ಯ."

ಶಿವಕುಮಾರಿಯ ಮಗುವಿಗೆಂದು ಗುರುಗಳು ಜೋಳಿಗೆಯಿಂದ ಹೊಸ ಲಿಂಗ ತೆಗೆದರು. ಅದಕ್ಕೆ ಕರಡಿಗೆ ಬೇಕಾಯಿತು. ಗಿರಿಜಾಂಬಾ ಚಿಕ್ಕದನ್ನು ತೊಳೆದು, ಸೆರಗಿನಲ್ಲಿ ಒರೆಸಿ, ತಾನಾಗಿಯೇ ಓರಗಿತ್ತಿಯ ಮಡಿಲಲ್ಲಿಟ್ಟಳು. ಶಿವಕುಮಾರಿ ಅವಳ ಕೈ ಹಿಡಿದುಕೊಂಡು ತುಸು ಹೊತ್ತು ಬಿಡಲೇ ಇಲ್ಲ.

ಮರುದಿನ ಬೆಳಗ್ಗೆ ಪರಮಶಿವಯ್ಯ ಮಂಡಿಗೆ ಹೊರಡಲಿಲ್ಲ. ಮಿಂದು ಬಂದು, ವರ್ಷದಿಂದ ಗೋಡೆಗೆ ಒರಗಿಸಿಟ್ಟಿದ್ದ ತನ್ನ ಮಣೆಯನ್ನು ತಾಯಿಯ ಪಕ್ಕ ಹಾಕಿಕೊಂಡು ಕುಳಿತ. ಗಿರಿಜಾಂಬಾ ತನ್ನ ಪೂಜೆ ಮುಗಿಸಿದಳು. ಅಭ್ಯಾಸದಿಂದ ಕೈ ಕೊರಳ ಕೆಳಗೆ ಹೋಯಿತು. ಅಲ್ಲಿ ಎರಡನೆಯ ದಾರ ಇರಲಿಲ್ಲ.

ಹಾಲಿನ ಬಟ್ಟಲು ಅವಳ ಹತ್ತಿರವೇ ಇತ್ತು. ಗಂಡನ ಎಡ ಅಂಗೈಯ ಮೇಲೆ ಮಗನ ಲಿಂಗವಿತ್ತು.

"ಅವನಿಗೆ ದಿನಾ ಒಂದು ಚಮಚ," ಎಂದು ಅವಳು ಬಟ್ಟಲನ್ನು ಅವನ ಕಡೆ ಸರಿಸಿದಳು.

ಪರಮಶಿವಯ್ಯ ಚಮಚ ತೆಗೆದುಕೊಂಡ.

"ಚಮಚ ತುಂಬಾ ತಗೋ," ಎಂದರು ವಿಶಾಲಾಕ್ಷಮ್ಮ, ಕಣ್ಣು ಮುಚ್ಚಿಕೊಂಡೇ.